ದಿನವೂ ಕಚೇರಿಗೆ, ತಿಂಗಳಿಗೊಮ್ಮೆ ತೋಟಕ್ಕೆ: ಜಿಮ್ನಿಗೆ ಮೊದಲು ಏನು ಹಾಕಿಸಲಿ?

ಉತ್ತರಹಳ್ಳಿಯ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ಮಾರುತಿ ಜಿಮ್ನಿ ಕೊಂಡೆ, ಮ್ಯಾನುಯಲ್ ಗೇರಿನದು. ಇದುವರೆಗೆ ಓಡಿದ್ದು 4,300 ಕಿಲೋಮೀಟರ್. ಅದರಲ್ಲಿ ಮಣ್ಣು ಮುಟ್ಟಿದ್ದು ಹೆಚ್ಚೆಂದರೆ ಮೂವತ್ತು. ಉಳಿದದ್ದೆಲ್ಲ ಉತ್ತರಹಳ್ಳಿಯಿಂದ ಬೆಳ್ಳಂದೂರಿನ ಕಚೇರಿಗೆ, ಬನಶಂಕರಿ, ಸಿಲ್ಕ್ ಬೋರ್ಡ್ ದಾಟಿಕೊಂಡು, ಬಹುಪಾಲು ಮೊದಲ ಗೇರಿನಲ್ಲಿ.

ಹಾಗಿದ್ದರೆ ಈ ಗಾಡಿ ಏಕೆ ಎಂದು ನನ್ನ ತಮ್ಮನೂ ಕೇಳಿದ. ಹೆಂಡತಿಯ ತವರು ಸಕಲೇಶಪುರದ ಆಚೆ. ಟಾರು ರಸ್ತೆ ಮುಗಿದ ಮೇಲೆ ತೋಟದ ಮನೆಗೆ ಎರಡೂವರೆ ಕಿಲೋಮೀಟರ್ ಮಣ್ಣಿನ ಹಾದಿ, ಕೊನೆಯಲ್ಲಿ ಒಂದು ಏರು. ಹಳೆಯ ಕಾರು ಇದ್ದಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಅದನ್ನು ಬಸ್ ನಿಲ್ದಾಣದ ಬಳಿಯ ಅಂಗಡಿಯ ಮುಂದೆ ನಿಲ್ಲಿಸಿ, ಮಾವನವರ ಜೀಪು ಬರುವವರೆಗೆ ಚೀಲಗಳನ್ನು ಕಾಯುತ್ತ ಕೂರುತ್ತಿದ್ದೆವು. ಹತ್ತು ವರ್ಷ ಹೀಗೆ ಕೂತ ಮೇಲೆ ಫೋರ್ ವೀಲ್ ಡ್ರೈವ್ ಕೊಂಡೇಬಿಟ್ಟೆ.

ಕಳೆದ ತಿಂಗಳು, ಮೇ ಕೊನೆಯ ಮಳೆಗೆ, ಹೊಸ ಗಾಡಿಯಲ್ಲಿ ಹೊರಟೆ. ಅದೇ ಏರಿನಲ್ಲಿ ಸಿಕ್ಕಿಕೊಂಡೆ. 4ಎಲ್ (ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ, ವೇಗ ಕಡಿಮೆ ಎಳೆತ ಹೆಚ್ಚಿನ ಗೇರು) ಹಾಕಿದ್ದೆ, ಆಕ್ಸಿಲರೇಟರ್ ಚೆನ್ನಾಗಿಯೇ ಒತ್ತಿದೆ. ನಾಲ್ಕೂ ಚಕ್ರ ಗಿರಗಿರನೆ ತಿರುಗಿದವು. ಗಾಡಿ ಮಾತ್ರ ಪಕ್ಕಕ್ಕೆ ಜಾರುತ್ತ ಹೋಗಿ ಕಾಫಿ ಗಿಡಗಳಿಗೆ ಮೂತಿ ಇಟ್ಟು ನಿಂತಿತು. ಮಾವನವರು ತಮ್ಮ ಹಳೆಯ ಜೀಪಿನ ಟೈರಿಗೆ ಚೈನು ಕಟ್ಟಿಕೊಂಡು ಬಂದು ಎಳೆದು ಹಾಕಿದರು. ಒಂದು ಮಾತನ್ನೂ ಆಡಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಜೆ.ಸಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿದಾಗ ಪಟ್ಟಿ ಬರೆದುಕೊಟ್ಟರು: ಎರಡು ಅಂಗುಲ ಎತ್ತರಿಸುವ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್, 235/75 ಆರ್15 ಅಳತೆಯ ಎಂ/ಟಿ (ಕೆಸರಿಗೆಂದೇ ಮಾಡಿದ) ಟೈರು, ಮುಂದೆ ಉಕ್ಕಿನ ಬುಲ್ ಬಾರ್, ಮೇಲೆ ಕ್ಯಾರಿಯರ್, ಅದರ ಮೇಲೆ ಎಲ್‌ಇಡಿ ಪಟ್ಟಿ, ಜೊತೆಗೆ ಸ್ನಾರ್ಕೆಲ್ (ಎಂಜಿನ್ನಿಗೆ ಎತ್ತರದಿಂದ ಗಾಳಿ ಎಳೆಯುವ ಕೊಳವೆ). ಎಲ್ಲ ಸೇರಿ 1,90,000 ರೂಪಾಯಿ. ನನ್ನ ಕೈಯಲ್ಲಿರುವುದು 60,000. ಪೂರ್ತಿ ಆಗದು ಎಂಬುದು ಗೊತ್ತಿದೆ. ಇದರಲ್ಲಿ ಮೊದಲು ಯಾವುದು ಎಂದು ಹೇಳಿ.

ಮರೆತೆ: ತಾಯಿಗೆ 68 ವರ್ಷ, ಮಂಡಿ ನೋವು. ಈಗಲೇ ಗಾಡಿ ಹತ್ತಲು ಬಾಗಿಲ ಹಿಡಿಕೆಗೆ ಜೋತುಬೀಳುತ್ತಾರೆ.

ಕೆಸರುಗಾಲ

ಟೈರು. ಎ/ಟಿ (ಟಾರು, ಮಣ್ಣು ಎರಡಕ್ಕೂ ಆಗುವಂಥದು) ಸಾಕು, ಎಂ/ಟಿ ಬೇಡ. ಸ್ಟೆಪ್ನಿ ಸೇರಿಸಿ ಐದೂ ಒಂದೇ ಅಳತೆಯಲ್ಲಿರಲಿ. ಬೇರೆ ಬೇರೆ ಅಳತೆಯ ಟೈರು ಹಾಕಿಕೊಂಡು, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಮಾಮೂಲಿ ವೇಗದ 4ಎಚ್‌ನಲ್ಲಿ ಓಡಿಸಿದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಎಳೆದಾಡಿಕೊಳ್ಳುತ್ತವೆ. ಉಳಿದ ಹಣದಲ್ಲಿ ಪೆಟ್ರೋಲ್ ಹಾಕಿಸಿ.

ಬಸವನಗುಡಿ ಜಿಪ್ಸಿ

ಪಟ್ಟಿಯನ್ನು ಎರಡು ಸಲ ಓದಿದೆ. ಗಾಡಿಯ ಫೋಟೊ ಚೆನ್ನಾಗಿ ಬರಲಿ ಎಂದು ಅಂಗಡಿಯವರು ಶ್ರಮಪಟ್ಟಿದ್ದಾರೆ. ನಿಮ್ಮ ಏರಿಗೆ ಬೇಕಾದದ್ದು ಅದರಲ್ಲಿ ಒಂದೂ ಇಲ್ಲ.

ಇಷ್ಟು ವಿವರವಾಗಿ ಬರೆದಿದ್ದೀರಿ, ಆದರೆ ಒಂದು ವಿಷಯ ಬಿಟ್ಟಿದ್ದೀರಿ. ಅಲ್ಲಿ ಸಿಕ್ಕಿಕೊಂಡಾಗ ಟೈರಿನಲ್ಲಿ ಗಾಳಿ ಎಷ್ಟಿತ್ತು? ನಾನೇ ಊಹಿಸುತ್ತೇನೆ. ನೆಲಮಂಗಲದ ಆಸುಪಾಸಿನ ಪೆಟ್ರೋಲ್ ಬಂಕಿನಲ್ಲಿ ಹುಡುಗ ಕೇಳಿರುತ್ತಾನೆ, ನೀವು 32 ಅಥವಾ 33 ಎಂದಿರುತ್ತೀರಿ. ಹೆದ್ದಾರಿಯಲ್ಲಿ ಅಷ್ಟಿದ್ದರೆ ತೊಂದರೆಯಿಲ್ಲ. ಅದೇ ಗಾಳಿ ಇಟ್ಟುಕೊಂಡು ಮಲೆನಾಡಿನ ಜಿಗುಟು ಮಣ್ಣಿನ ಏರು ಹತ್ತುವುದೆಂದರೆ, ಎಣ್ಣೆ ಸವರಿದ ಹಲಗೆಯ ಮೇಲೆ ಚೆಂಡನ್ನು ನಿಲ್ಲಿಸಲು ಹೋದ ಹಾಗೆ.

ನನ್ನ ಮಾತು ನಂಬಬೇಡಿ. ಒಂದು ಭಾನುವಾರ ಮನೆಯಲ್ಲಿಯೇ ಮಾಡಿ ನೋಡಿ. ಮುಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಟೈರಿನ ಕೆಳಭಾಗಕ್ಕೆ ಒದ್ದೆ ಮಾಡಿದ ಸೀಮೆಸುಣ್ಣ ದಪ್ಪಗೆ ಬಳಿದು, ಕೆಳಗೆ ದಿನಪತ್ರಿಕೆ ಹಾಸಿ ಗಾಡಿ ಇಳಿಸಿ. ಮತ್ತೆ ಎತ್ತಿ ಪತ್ರಿಕೆ ತೆಗೆದಿಡಿ. ಆಮೇಲೆ ಗಾಳಿಯನ್ನು 18 ಪಿಎಸ್‌ಐಗೆ ಇಳಿಸಿ, ಇನ್ನೊಂದು ಹಾಳೆಯ ಮೇಲೆ ಅದನ್ನೇ ಮಾಡಿ. ನನ್ನ ಜಿಪ್ಸಿಯಲ್ಲಿ (ಮಾರುತಿಯ ಹಳೆಯ ಫೋರ್ ವೀಲ್ ಡ್ರೈವ್) ಸುಮಾರು ಐದು ಅಂಗುಲ ಉದ್ದವಿದ್ದ ಅಚ್ಚು ಏಳೂವರೆಗೆ ಹೋಯಿತು. ಅಗಲ ಹೆಚ್ಚುಕಡಿಮೆ ಅಷ್ಟೇ ಇತ್ತು, ಬೆಳೆದದ್ದು ಉದ್ದ. ಅಂದರೆ ನೆಲ ಹಿಡಿಯುವ ಹಲ್ಲುಗಳು ಒಂದೂವರೆ ಪಟ್ಟಾದವು, ಅಂಗಡಿಗೆ ಒಂದು ಪೈಸೆ ಕೊಡದೆ. ಜೊತೆಗೆ ಟೈರಿನ ಪಕ್ಕೆ ಮೆತ್ತಗಾಗಿ ಕಲ್ಲು, ಬೇರುಗಳ ಮೇಲೆ ಬಾಗಿಕೊಂಡು ಕೂರುತ್ತದೆ. ಗಟ್ಟಿ ಟೈರು ಪುಟಿದು ಜಾರುವ ಜಾಗದಲ್ಲಿ ಮೆತ್ತನೆಯದು ತಬ್ಬಿಕೊಳ್ಳುತ್ತದೆ.

ಆದ್ದರಿಂದ ನಿಮ್ಮ ಮೊದಲ ಖರೀದಿ ಗಾಳಿ ಅಳೆಯುವ ಒಳ್ಳೆಯ ಗೇಜು. ಎರಡನೆಯದು ಕಂಪ್ರೆಸರ್. ಬ್ಯಾಟರಿಗೆ ನೇರವಾಗಿ ಕ್ಲಿಪ್ ಹಾಕುವಂಥದನ್ನೇ ಕೊಳ್ಳಿ. ಡ್ಯಾಶ್‌ಬೋರ್ಡ್‌ನ ಸಾಕೆಟ್ಟಿಗೆ ಚುಚ್ಚುವ ಆಟಿಕೆಗಳು ನಾಲ್ಕು ಟೈರು ತುಂಬುವಷ್ಟರಲ್ಲಿ ಬಿಸಿಯಾಗಿ ನಿಲ್ಲುತ್ತವೆ, ದೊಡ್ಡದನ್ನು ಅಲ್ಲಿ ಚುಚ್ಚಿದರೆ ಫ್ಯೂಸ್ ಹೋಗುತ್ತದೆ. ಟಾರು ಮುಗಿಯುವ ಅಂಗಡಿಯ ಮುಂದೆ ನಿಂತು 18ಕ್ಕೆ ಇಳಿಸಿ. 15ರ ಕೆಳಗೆ ಹೋಗಬೇಡಿ, ತಿರುವಿನಲ್ಲಿ ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದು. ಇಳಿಸಿದ ಮೇಲೆ ಗಂಟೆಗೆ 30 ಕಿಲೋಮೀಟರ್ ದಾಟಬೇಡಿ. ಹಿಂತಿರುಗುವಾಗ ಅದೇ ಅಂಗಡಿಯ ಮುಂದೆ ಚಹಾ ಕುಡಿಯುತ್ತ ತುಂಬಿಸಿಕೊಳ್ಳಿ. ಅಂಗಡಿಯವನಿಗೂ ವ್ಯಾಪಾರ.

ಇನ್ನು ಕಾಲಿನ ವಿಷಯ. "ಆಕ್ಸಿಲರೇಟರ್ ಚೆನ್ನಾಗಿಯೇ ಒತ್ತಿದೆ" ಎಂದು ನೀವೇ ಬರೆದುಕೊಂಡಿದ್ದೀರಿ. 4ಎಲ್‌ನಲ್ಲಿ ಮೊದಲ ಗೇರಿಗೆ ವಿಪರೀತ ಎಳೆತ. ಜಾರುವ ನೆಲದಲ್ಲಿ ಆ ಎಳೆತ ಚಕ್ರ ತಿರುಗಿಸುವುದಕ್ಕೇ ಮುಗಿದುಹೋಗುತ್ತದೆ. ಎರಡನೆಯ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಆಕ್ಸಿಲರೇಟರನ್ನು ಒಂದೇ ಮಟ್ಟದಲ್ಲಿ ಹಿಡಿದು ಹತ್ತಿಸಿ. ಒಂದು ಚಕ್ರ ಸುಮ್ಮನೆ ತಿರುಗತೊಡಗಿದರೆ ಜಿಮ್ನಿಯೇ ಅದಕ್ಕೆ ಬ್ರೇಕ್ ಹಿಡಿದು ಎದುರಿನ ಚಕ್ರಕ್ಕೆ ಶಕ್ತಿ ಕೊಡುತ್ತದೆ. ಅದು ಕೆಲಸ ಮಾಡಲು ಎರಡು ಕ್ಷಣ ಕಾಲಾವಕಾಶ ಕೊಡಬೇಕು. ನೀವು ಗಾಬರಿಯಾಗಿ ಕಾಲು ಎತ್ತಿ, ಒತ್ತಿ, ಎತ್ತಿ ಮಾಡಿರುತ್ತೀರಿ. ನಾನೂ ಮಾಡಿದ್ದೇನೆ.

ಟೈರು: 215/75 ಆರ್15, ಎ/ಟಿ. ಕಂಪನಿಯವರು ಕೊಟ್ಟ 195/80 ಆರ್15ರ ಎತ್ತರ 693 ಮಿಲಿಮೀಟರ್, ಇದರದು 703. ವ್ಯತ್ಯಾಸ ಶೇಕಡಾ ಒಂದೂವರೆ, ಸ್ಪೀಡೋಮೀಟರ್‌ಗೆ ಗೊತ್ತೇ ಆಗುವುದಿಲ್ಲ. ನಿಮಗೆ ಬರೆದುಕೊಟ್ಟ 235/75ರದು 733. ಮೀಟರ್ 100 ತೋರಿಸುವಾಗ ಈಗಿಗಿಂತ ಸುಮಾರು ಆರು ಕಿಲೋಮೀಟರ್ ಹೆಚ್ಚು ಓಡುತ್ತಿರುತ್ತೀರಿ. ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಸೊರಗುತ್ತದೆ. ಸಿಲ್ಕ್ ಬೋರ್ಡಿನ ಮೊದಲ ಗೇರಿನ ಮೆರವಣಿಗೆಯಲ್ಲಿ ಕ್ಲಚ್ಚಿಗೆ ಅದು ಬೇಕೇ?

ಎಂ/ಟಿ ಬಗ್ಗೆ ನನಗೆ ಹಳೆಯ ಸಿಟ್ಟಿದೆ. 2006ರಲ್ಲಿ ಜಿಪ್ಸಿಗೆ ಹಾಕಿಸಿದೆ. ಮೊದಲ ವಾರ ಬೀದಿಯವರೆಲ್ಲ ತಿರುಗಿ ನೋಡಿದರು. ಅರವತ್ತು ದಾಟಿದರೆ ಒಳಗೆ ಹಿಟ್ಟಿನ ಗಿರಣಿಯ ಸದ್ದು, ಹೆಂಡತಿಗೆ ಏನು ಹೇಳಿದರೂ "ಆಂ?" ಎನ್ನುತ್ತಿದ್ದಳು. ಅದನ್ನೂ ಸಹಿಸಿದೆ. ಒಂದು ಸಂಜೆ ತುಂತುರು ಮಳೆ, ಕನಕಪುರ ರಸ್ತೆಯಲ್ಲಿ ಸಾರಕ್ಕಿಯ ಸಿಗ್ನಲ್ ಕೆಂಪಾಯಿತು. ನಲವತ್ತರಲ್ಲಿದ್ದೆ, ಬ್ರೇಕ್ ಹಿಡಿದೆ, ಗಾಡಿ ನೆಟ್ಟಗೆ ಜಾರಿಕೊಂಡು ಹೋಗಿ ಮುಂದಿನ ಆಟೊದ ಹಿಂದೆ ಒಂದು ಗೇಣು ಬಿಟ್ಟು ನಿಂತಿತು. ಆಟೊದವನು ಹಿಂದಿರುಗಿ ನೋಡಿದ, ಟೈರು ನೋಡಿದ, ನಕ್ಕ. ಆ ದೊಡ್ಡ ದೊಡ್ಡ ಗಡ್ಡೆಗಳ ನಡುವೆ ಇರುವುದು ಖಾಲಿ ಜಾಗ. ಒದ್ದೆ ಟಾರನ್ನು ಹಿಡಿಯಲು ಬೇಕಾದದ್ದು ರಬ್ಬರು. ಮೂರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದೆ.

ಎತ್ತರಿಸುವುದು ಬೇಡ. ಜಿಮ್ನಿಗೆ ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಅಂದರೆ ಎಡ ಬಲ ಚಕ್ರಗಳನ್ನು ಸೇರಿಸುವ ಒಂದೇ ದಂಡ. ಸ್ಪ್ರಿಂಗ್ ಎತ್ತರಿಸಿದರೆ ಮೇಲೇಳುವುದು ಬಾಡಿ ಮತ್ತು ಚಾಸಿ. ಕೆಳಗೆ ಕಲ್ಲಿಗೆ ಬಡಿಯುವ ಡಿಫರೆನ್ಷಿಯಲ್ ಗುಂಡು (ಆಕ್ಸಲ್ಲಿನ ಗೇರುಗಳಿರುವ ಗೂಡು) ಇದ್ದಲ್ಲಿಯೇ ಇರುತ್ತದೆ. ಅದನ್ನು ಎತ್ತುವುದು ದೊಡ್ಡ ಟೈರು ಮಾತ್ರ, ಅದೂ ಟೈರು ಬೆಳೆದದ್ದರಲ್ಲಿ ಅರ್ಧ. ಮೇಲಾಗಿ ಸ್ಟಿಯರಿಂಗಿನ ಕೋನ ಕೆಡುತ್ತದೆ, ಅದಕ್ಕೆ ಬೇರೆ ಬುಷ್ ಹಾಕಿಸಬೇಕು, ಇಲ್ಲದಿದ್ದರೆ ಎಂಬತ್ತರ ವೇಗದಲ್ಲಿ ಒಂದು ಗುಂಡಿಗೆ ಬಿದ್ದರೆ ಸ್ಟಿಯರಿಂಗ್ ಚಳಿಜ್ವರ ಬಂದವರಂತೆ ನಡುಗುತ್ತದೆ. ಎರಡು ಅಂಗುಲ ಎಂದರೆ ನಿಮ್ಮ ತಾಯಿಗೂ ಎರಡು ಅಂಗುಲ.

ಮೂರನೆಯ ಖರೀದಿ ಹಗ್ಗ. ಹಿಗ್ಗುವ ನೈಲಾನ್ ಹಗ್ಗ, ಎರಡು ಮೆತ್ತನೆಯ ಶ್ಯಾಕಲ್ (ಹಗ್ಗವನ್ನು ಗಾಡಿಗೆ ಸೇರಿಸುವ ಕುಣಿಕೆ). ಜಿಮ್ನಿಯ ಹಿಂದೆ ಮುಂದೆ ಚಾಸಿಗೆ ಸೇರಿದ ಕೊಕ್ಕೆಗಳಿವೆ, ಅಲ್ಲಿಗೇ ಹಾಕಿ. ಟ್ರೇಲರ್ ಸಿಕ್ಕಿಸುವ ಉಕ್ಕಿನ ಉಂಡೆಗೆ ಎಂದೂ ಕಟ್ಟಬೇಡಿ, ಅದು ಕಿತ್ತು ಬಂದರೆ ಫಿರಂಗಿ ಗುಂಡೇ. ಎಳೆಯುವಾಗ ಮಕ್ಕಳು, ಮೊಬೈಲಿನಲ್ಲಿ ಚಿತ್ರ ತೆಗೆಯುವ ಭಾವಮೈದುನರು, ಎಲ್ಲರೂ ಹಗ್ಗದ ಉದ್ದಕ್ಕಿಂತ ಹೆಚ್ಚು ದೂರದಲ್ಲಿರಲಿ.

ಒಂದು ಮಾತು ಪ್ರಾಮಾಣಿಕವಾಗಿ. ಜುಲೈ ಮಳೆಯಲ್ಲಿ ಆ ಕೆಂಪು ಮಣ್ಣು ಎ/ಟಿ ಟೈರಿನ ಸಂದುಗಳಲ್ಲಿಯೂ ಮೆತ್ತಿಕೊಂಡು ಟೈರನ್ನು ಬೋಳಾಗಿಸುತ್ತದೆ. ಆಗ ನಿಮ್ಮ ಮಾವನವರ ಚೈನನ್ನು ಮೀರಿಸುವ ಸಾಮಾನು ಯಾವ ಅಂಗಡಿಯಲ್ಲಿಯೂ ಇಲ್ಲ. ಕಟ್ಟುವುದನ್ನು ಅವರಿಂದಲೇ ಕಲಿಯಿರಿ.

ಹೆಸರಘಟ್ಟದ ಥಾರ್

ಜಿಪ್ಸಿಯವರ ಮಾತಿಗೆ ನನ್ನದೊಂದು ತಿದ್ದುಪಡಿ. ಟೈರು ಒಳ್ಳೆಯ ಸಲಹೆಯೇ, ಆದರೆ ಈಗಲೇ ಏಕೆ? 4,300 ಕಿಲೋಮೀಟರ್ ಓಡಿದ ಟೈರುಗಳನ್ನು ಮಾರಲು ಹೋದರೆ ಪುಡಿಗಾಸು ಸಿಗುತ್ತದೆ. ಗಾಳಿ ಇಳಿಸಿ ಇವುಗಳಲ್ಲಿಯೇ ಒಂದು ಮಳೆಗಾಲ ನೋಡಲಿ. ನಾನು ದಿನವೂ ಹೆಸರಘಟ್ಟದಿಂದ ಯಲಹಂಕಕ್ಕೆ ಥಾರ್ ಓಡಿಸುತ್ತೇನೆ. ಎ/ಟಿ ಹಾಕಿಸಿದ ಮೇಲೆ ಲೀಟರಿಗೆ ಒಂದು ಕಿಲೋಮೀಟರ್‌ನಷ್ಟು ಮೈಲೇಜು ಹೋಯಿತು, ಸ್ಟಿಯರಿಂಗೂ ಸ್ವಲ್ಪ ಭಾರವಾಯಿತು. ಅದು ಬೇಕೇ ಎಂದು ನೋಡಿಕೊಂಡು ಕೊಡುವ ಹಣ ಅದು.

ತಾಯಿಯವರ ವಿಷಯ ಯಾರೂ ಸರಿಯಾಗಿ ಎತ್ತಲೇ ಇಲ್ಲ. ಅಂಗಡಿಯವರು ಈಗ ಪಕ್ಕದ ಮೆಟ್ಟಿಲು ಹಾಕಿಸಿಕೊಳ್ಳಿ ಎನ್ನುತ್ತಾರೆ. ಅದು ತೋಟದ ಹಾದಿಯಲ್ಲಿ ಮೊದಲು ಕಲ್ಲಿಗೆ ತಾಗುವ ವಸ್ತು, ಮೊಣಕಾಲಿನಿಂದ ಕೆಳಗೆ ಪ್ಯಾಂಟು ಸೀರೆಗಳಿಗೆಲ್ಲ ಕೆಸರು ಹಚ್ಚುವ ವಸ್ತು. ನನ್ನ ಅತ್ತೆಯವರಿಗಾಗಿ ಅಡುಗೆಮನೆಯ ಹಳೆಯ ಮಣೆಯನ್ನು ತೆಗೆದು, ಕೆಳಗೆ ನಾಲ್ಕು ಮೂಲೆಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ, ಹಿಡಿದೆತ್ತಲು ಒಂದು ಹಗ್ಗ ಕಟ್ಟಿದ್ದೇನೆ. ಬಾಗಿಲು ತೆಗೆದು ಮಣೆ ಇಟ್ಟರೆ ಅವರು ಹತ್ತುತ್ತಾರೆ, ಕೂತಲ್ಲಿಂದಲೇ ಹಗ್ಗ ಎಳೆದು ಒಳಗೆ ಹಾಕಿಕೊಳ್ಳುತ್ತಾರೆ. ಮೂರು ವರ್ಷದಿಂದ ನಡೆಯುತ್ತಿದೆ.

ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿಸಿ. ಕಾರ್ಪೆಟ್ಟಿಗೆ ಒಮ್ಮೆ ತೋಟದ ಕೆಸರು ಇಳಿದರೆ ಆಗಸ್ಟ್ ಪೂರ್ತಿ ಕಚೇರಿಗೆ ಹೋಗುವಾಗ ಒದ್ದೆ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಅನುಭವವಾಗುತ್ತದೆ.

ಸರ್ವೇಯರ್ ಜಯನಗರ

ವಿಮಾ ಕ್ಲೇಮುಗಳ ಪರಿಶೀಲನೆ ನನ್ನ ಹೊಟ್ಟೆಪಾಡು, ಆದ್ದರಿಂದ ಬೇಸರದ ಮಾತು ನಾನೇ ಆಡುತ್ತೇನೆ.

ಬುಲ್ ಬಾರ್ ಕೈಬಿಡಿ. ಅವುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ತಿಳಿಸಿದೆ. ದಂಡದ ಮಾತು ಪಕ್ಕಕ್ಕಿಡಿ. ಡಿಕ್ಕಿಯಾದಾಗ ನಜ್ಜುಗುಜ್ಜಾಗಿ ಪೆಟ್ಟನ್ನು ಹೀರಬೇಕಾದದ್ದು ಮುಂಭಾಗ. ಅಲ್ಲಿ ಉಕ್ಕಿನ ಕಂಬ ಕೂರಿಸಿದರೆ ಪೆಟ್ಟು ನೇರ ಚಾಸಿಗೆ, ಅಲ್ಲಿಂದ ನಿಮಗೆ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊತ್ತೂ ಏರುಪೇರಾಗಬಹುದು. ಎದುರಿಗೆ ಬರುವ ಪಾದಚಾರಿಯ ಗತಿ ಹೇಳುವುದೇ ಬೇಡ.

ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಪ್ರಕರಣ ದಾಖಲಿಸುವ ಕಾರ್ಯಾಚರಣೆಯನ್ನೇ ನಡೆಸಿದರು. ಏನು ಹಾಕಿಸಿದರೂ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನು ಜೋಪಾನವಾಗಿಡಿ.

ಸ್ನಾರ್ಕೆಲ್ ನೋಡಿ ಧೈರ್ಯ ಬಂದವರ ಗಾಡಿಗಳು ನನ್ನ ಮೇಜಿಗೆ ಬರುತ್ತವೆ. 2023ರ ಮೇ ತಿಂಗಳಲ್ಲಿ ಕೆ.ಆರ್. ವೃತ್ತದ ಕೆಳಸೇತುವೆಯಲ್ಲಿ ಕಾರು ಮುಳುಗಿ ಒಂದು ಜೀವ ಹೋದದ್ದು ಇದೇ ಊರಿನಲ್ಲಿ, ವಿಧಾನಸೌಧದ ಮಗ್ಗುಲಲ್ಲಿ. ಕೆಳಸೇತುವೆಯಲ್ಲಿ ನೀರು ನಿಂತಿದ್ದರೆ ಗಾಡಿ ತಿರುಗಿಸಿ. ಸಿಕ್ಕಿಕೊಂಡು ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬೇಡಿ: ಸಿಲಿಂಡರಿನೊಳಗಿನ ನೀರನ್ನು ಪಿಸ್ಟನ್ ಒತ್ತಿ ಕುಗ್ಗಿಸಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಪಾಲಿಸಿಯಲ್ಲಿ ಇದೆಯೇ ಎಂದು ಇವತ್ತೇ ನೋಡಿ. ಬೆಂಗಳೂರಿನ ಜಿಮ್ನಿಗೆ ನನ್ನ ಪ್ರಕಾರ ಅದೇ ಸ್ನಾರ್ಕೆಲ್.

ಉತ್ತರಹಳ್ಳಿಯ ಹೊಸಬ (ಏಳು ವಾರಗಳ ನಂತರ)

ಉತ್ತರಿಸಿದ ಎಲ್ಲರಿಗೂ ಲೆಕ್ಕ ಒಪ್ಪಿಸಬೇಕಲ್ಲವೇ.

ಸೀಮೆಸುಣ್ಣದ ಪ್ರಯೋಗವನ್ನು ಮಗಳ ಜೊತೆ ಬೇಸ್‌ಮೆಂಟಿನಲ್ಲಿ ಮಾಡಿದೆ. ಕಾವಲುಗಾರ ಬಂದು "ಆಯುಧಪೂಜೆ ಈಗಲೇ ಏಕೆ ಸರ್?" ಎಂದು ಕೇಳಿ ಹೋದ. ಅಚ್ಚು ಐದು ಅಂಗುಲದಿಂದ ಏಳಕ್ಕೆ ಬಂತು. ಆ ಎರಡು ಹಾಳೆಗಳನ್ನು ಮಗಳು ಶಾಲೆಗೆ ಒಯ್ದಿದ್ದಾಳೆ. ಅಂದ ಹಾಗೆ ಮೇ ತಿಂಗಳಲ್ಲಿ ನನ್ನ ಟೈರಿನಲ್ಲಿದ್ದದ್ದು 35. ಜಿಪ್ಸಿಯವರು ಮರ್ಯಾದೆ ಉಳಿಸಿ ಊಹಿಸಿದ್ದರು.

ಕೊಂಡದ್ದು: ಗೇಜು 650, ಕಂಪ್ರೆಸರ್ 4,800, ಹಗ್ಗ ಮತ್ತು ಶ್ಯಾಕಲ್ 7,200, ಮ್ಯಾಟು 2,400. ಒಟ್ಟು 15,050 ರೂಪಾಯಿ. ಮಣೆ ಮನೆಯದೇ. ತಾಯಿ ಅದರ ಮೇಲೆ ಬೇರೆ ಯಾರನ್ನೂ ಕಾಲಿಡಲು ಬಿಡುತ್ತಿಲ್ಲ.

ಜೂನ್ ಮಧ್ಯದಲ್ಲಿ ಹೋದಾಗ ಸಣ್ಣ ಮಳೆಯಿತ್ತು. ಅಂಗಡಿಯ ಮುಂದೆ ಕೂತು ಒಂದೊಂದೇ ಟೈರಿನ ಗಾಳಿ ಬಿಟ್ಟೆ. ಮೊಳೆಯ ತುದಿಯಿಂದ ವಾಲ್ವ್ ಒತ್ತಿ ಹಿಡಿದರೆ ಸುಯ್ಯೆಂದು ಹೋಗುತ್ತದೆ, ಬೆರಳು ತಣ್ಣಗಾಗುತ್ತದೆ. ಇಪ್ಪತ್ತು ಎಣಿಸುವುದು, ಗೇಜು ಒತ್ತಿ ನೋಡುವುದು, ಮತ್ತೆ ಇಪ್ಪತ್ತು ಎಣಿಸುವುದು. ಅಂಗಡಿಯವರು "ಪಂಕ್ಚರ್ ಆಗಿದೆಯೇ?" ಎಂದು ಹೊರಗೆ ಬಂದರು. ಏರಿನಲ್ಲಿ 4ಎಲ್, ಎರಡನೆಯ ಗೇರು, ಕ್ಲಚ್ಚಿನಿಂದ ಕಾಲು ದೂರ. ಹೋದ ಸಲ ಸಿಕ್ಕಿಕೊಂಡ ಜಾಗದಲ್ಲಿ ಹಿಂದಿನ ಎಡಚಕ್ರ ಒಮ್ಮೆ ಸುಮ್ಮನೆ ತಿರುಗಿತು, ಕೆಳಗಿನಿಂದ ಕಟಕಟ ಸದ್ದು ಬಂತು. ಕಾಲು ಎತ್ತಬೇಕೆನಿಸಿತು, ಎತ್ತಲಿಲ್ಲ. ಗಾಡಿ ಮುದುಕರು ಮೆಟ್ಟಿಲು ಹತ್ತುವ ಹಾಗೆ ನಿಧಾನಕ್ಕೆ ಹತ್ತಿಕೊಂಡು ಅಂಗಳಕ್ಕೆ ಬಂತು.

ಜುಲೈ ಕೊನೆಯ ವಾರ ಅದೇ ಟೈರು, ಅದೇ 18. ಮೂರು ದಿನ ಬಿಡದೆ ಸುರಿದಿತ್ತು. ಅರ್ಧ ಏರಿನಲ್ಲಿ ನಿಂತೆ. ಈ ಸಲ ಜಾರಲಿಲ್ಲ, ಇದ್ದಲ್ಲಿಯೇ ನಿಂತೆ, ಅಷ್ಟು ಪ್ರಗತಿ. ಇಳಿದು ನೋಡಿದರೆ ಟೈರಿನಲ್ಲಿ ಒಂದು ಗೆರೆಯೂ ಕಾಣಿಸುತ್ತಿಲ್ಲ, ಕೆಂಪು ಮಣ್ಣಿನ ಕಡುಬಿನ ಹಾಗಿತ್ತು. ಮಾವನವರು ಬಂದು ಹಿಂದಿನ ಎರಡು ಚಕ್ರಕ್ಕೆ ಚೈನು ಕಟ್ಟುವುದನ್ನು ತೋರಿಸಿದರು: ಮೊದಲು ನೆಲದ ಮೇಲೆ ಹಾಸಿ ಗಂಟು ಬಿಡಿಸಬೇಕು, ಒಳಗಿನ ಕೊಕ್ಕೆ ಮೊದಲು, ಹೊರಗಿನದು ಆಮೇಲೆ, ಹತ್ತು ಅಡಿ ಓಡಿಸಿ ಮತ್ತೆ ಬಿಗಿಯಬೇಕು. ಅವರ ಜೀಪಿನ ಚೈನು ನನಗೆ ದೊಡ್ಡದಾದ್ದರಿಂದ ನಾಲ್ಕು ಕೊಂಡಿ ಮಡಚಿ ತಂತಿ ಸುತ್ತಿದರು.

ಹಿಂತಿರುಗುವ ದಿನ ಟಾರಿನ ಅಂಚಿನಲ್ಲಿ ಗಾಳಿ ತುಂಬಿಸುತ್ತಿದ್ದೆ. ನಾಲ್ಕು ಟೈರಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಿಟ್ಟು ಬರಲು ಬಂದಿದ್ದ ಮಾವನವರು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದರು. ಗೇಜನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಎದ್ದು ಹೋಗಿ ತಮ್ಮ ಜೀಪಿನ ಟೈರಿಗೆ ಒತ್ತಿ ನೋಡಿದರು.

"ಇದಕ್ಕೆ ಎಷ್ಟು ಕೊಟ್ಟಿರಿ?" ಎಂದರು.

650 ಎಂದೆ. ಗೇಜು ಈಗ ತೋಟದಲ್ಲಿದೆ. ನಾನು ಇನ್ನೊಂದು ಕೊಂಡೆ, ಲೆಕ್ಕ 15,700ಕ್ಕೆ ಏರಿತು. ಎ/ಟಿ ಟೈರು ದೀಪಾವಳಿಯ ನಂತರ ನೋಡೋಣ ಎಂದುಕೊಂಡಿದ್ದೇನೆ.

ಬಸವನಗುಡಿ ಜಿಪ್ಸಿ

ತಂತಿ ಸುತ್ತಿದ ಚೈನು ಒಂದು ಸಲಕ್ಕೆ ಸರಿ. ಬಿಚ್ಚಿಕೊಂಡರೆ ಬ್ರೇಕಿನ ಪೈಪನ್ನು ಹರಿದು ಹಾಕುತ್ತದೆ. ನಿಮ್ಮ ಟೈರಿನ ಅಳತೆಯ ಜೋಡಿ ಕೊಳ್ಳಿ. ಆದರೆ ಟೈರಿನ ಅಳತೆ ಬದಲಿಸಿದ ಮೇಲೆ ಕೊಳ್ಳಿ, ಮೊದಲಲ್ಲ.